ಹಳದಿ ದಾರ ಕಟ್ಟಿದ ಕೊಂಬು

ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಜಿಂಕೆವನದಲ್ಲಿ ನಾಲ್ಕು ಕೊಂಬು ಸಿಗದೆ ಹೋಗಿದ್ದವು. ಯಾರೋ ಜಿಂಕೆ ಹೊಡೆದು ಒಯ್ದ ಕೊಂಬಲ್ಲ, ತಲೆಯಿಂದ ತಾನಾಗಿ ಉದುರಿದ ಕೊಂಬು. ಗಂಡು ಜಿಂಕೆ ವರ್ಷಕ್ಕೊಂದು ಸಲ ಕೊಂಬು ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ ಅಂದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ. ಉದುರಿದ್ದಾದರೂ ಅದು ಸರ್ಕಾರದ್ದೇ. ಮನೆಗೆ ಒಯ್ದು ಗೋಡೆಗೆ ನೇತುಹಾಕಿದರೆ ಜೈಲು. ಹಾಗಾಗಿ ಬಿದ್ದದ್ದನ್ನೆಲ್ಲ ಹುಡುಕಿ, ತೂಗಿ, ಅಳೆದು, ಚೀಟಿ ಕಟ್ಟಿ, ಕಬ್ಬಿಣದ ಕಪಾಟಿನಲ್ಲಿಟ್ಟು, ಕೊನೆಗೊಂದು ದಿನ ಅಧಿಕಾರಿಗಳ ಎದುರು ಸುಟ್ಟುಬಿಡಬೇಕು. ಸುಡುವ ವಸ್ತುವನ್ನು ಚಿನ್ನದ ಹಾಗೆ ಹುಡುಕುವುದು ನನ್ನ ಕೆಲಸ.

ನಾನು ಅಲ್ಲಿ ಗುತ್ತಿಗೆ ಮೇಲಿರುವ ಪ್ರಾಣಿಪಾಲಕಿ. ಭದ್ರಾವತಿಯಿಂದ ಶಿವಮೊಗ್ಗದ ಕಡೆ ಹೋಗುವ ಮೊದಲ ಬಸ್ಸಿಗೆ ಹತ್ತಿ ಅರ್ಧ ದಾರಿಯಲ್ಲಿ ಇಳಿಯುತ್ತೇನೆ. ಹೆಣ್ಣು, ಮರಿಗಳನ್ನು ಬಿಟ್ಟು ಹನ್ನೊಂದು ಗಂಡು ಚುಕ್ಕೆಜಿಂಕೆ ನನ್ನ ಸುಪರ್ದಿಯಲ್ಲಿದ್ದವು. ಕಿವಿಯ ಹರಕು, ಮೂಗಿನ ಗೆರೆ, ನಡಿಗೆ ನೋಡಿ ಹನ್ನೊಂದನ್ನೂ ಗುರುತಿಸುತ್ತೇನೆ. ಯಾವ ಗಂಡಿನ ತಲೆ ಬೆಳಿಗ್ಗೆ ಬೋಳಾಗಿದೆಯೋ ಅದರ ಎರಡೂ ಕೊಂಬು ಸಂಜೆಯೊಳಗೆ ನನ್ನ ಕೈಗೆ ಬರಬೇಕು. ಆದರೆ ಚುಕ್ಕೆಜಿಂಕೆಗಳು ಎಲ್ಲವೂ ಒಂದೇ ತಿಂಗಳಲ್ಲಿ ಉದುರಿಸುವುದಿಲ್ಲ. ಒಂದೇ ಜಿಂಕೆಯ ಎಡದ್ದು ನೀರಿನ ತೊಟ್ಟಿ ಹತ್ತಿರ ಬಿದ್ದರೆ ಬಲದ್ದು ಎರಡು ದಿನ ಬಿಟ್ಟು ಬಿದಿರುಮೆಳೆಯೊಳಗೆ. ಹನ್ನೆರಡು ಎಕರೆ, ಅದರಲ್ಲಿ ಅರ್ಧ ಲಂಟಾನ ಪೊದೆ. ಬಿದ್ದ ಕೊಂಬು ಥೇಟ್ ಒಣಕೊಂಬೆಯ ಬಣ್ಣ. ಕೋಲಿನಿಂದ ಪ್ರತಿಯೊಂದು ಒಣಕಡ್ಡಿ ತಿರುಗಿಸುತ್ತಾ ಸಾಲು ಹಿಡಿದು ನಡೆಯಬೇಕು. ಆ ಬೇಸಿಗೆಯಲ್ಲಿ ಮನೆಯ ಅಂಗಳದಲ್ಲಿ ಸೌದೆ ಕಂಡರೂ ಕಾಲಿನಿಂದ ತಿರುಗಿಸಿ ನೋಡುವ ಚಟ ಹತ್ತಿಬಿಟ್ಟಿತ್ತು.

ತಿಂಗಳ ತಪಾಸಣೆಗೆ ಬಂದ ಅಧಿಕಾರಿಗಳು ಹೊಸಬರು. ಪುಸ್ತಕ ತಿರುವಿ ಕೇಳಿದರು.

“ನಾಲ್ಕು ಎಲ್ಲಿ ಹೋದ್ವಮ್ಮಾ?”

“ಹುಡುಕ್ತಾ ಇದೀನಿ ಸರ್.”

“ಹುಡುಕೋರೂ ನೀವೊಬ್ರೇ, ಸಿಗ್ಲಿಲ್ಲ ಅನ್ನೋರೂ ನೀವೊಬ್ರೇ. ನಾನು ಯಾರನ್ನ ಕೇಳ್ಲಿ ಹೇಳಿ?”

ಮಾತು ಮೆತ್ತಗಿತ್ತು, ಆದರೆ ಚುಚ್ಚಿತು. ನನ್ನ ಗುತ್ತಿಗೆ ಮುಂದುವರಿಸುವ ಫೈಲು ಆಷಾಢದಲ್ಲಿ ಅವರ ಟೇಬಲ್ಲಿಗೆ ಬರುವುದಿತ್ತು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಕೊಂಬು ಮಾರಿದವಳು ಅನ್ನಿಸಿಕೊಂಡು ಹೋದರೆ ಭದ್ರಾವತಿಯಲ್ಲಿ ತರಕಾರಿ ಮಾರುವುದಕ್ಕೂ ಮುಖ ಇರುವುದಿಲ್ಲ.

ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬ ಫಿಟ್ಟರ್ ಇದ್ದಾನೆ. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮನೆಮಾತು ತಮಿಳು, ನನ್ನನ್ನು ತಂಗಚ್ಚಿ, ಅಂದರೆ ತಂಗಿ, ಅಂತಲೇ ಕರೆಯುವುದು. ಲೋಕದ ಎಲ್ಲ ತಾಪತ್ರಯವೂ ಅವನ ಕಣ್ಣಿಗೆ ಎರಡು ಕಬ್ಬಿಣ ಸರಿಯಾಗಿ ಕೂಡದೆ ಇರುವುದರಿಂದ ಆದದ್ದು. ನನ್ನ ಗೋಳು ಕೇಳಿ ಫೋನ್ ತೆಗೆದು ಒಂದು ವಿಡಿಯೋ ತೋರಿಸಿದ. ಎಲ್ಲೋ ಹೊರದೇಶದಲ್ಲಿ ಜನ ಮೇವಿನ ತೊಟ್ಟಿಗೆ ಸರಳು, ಜಾಲರಿ ಕಟ್ಟಿದ್ದರು. ಜಿಂಕೆ ತಲೆ ತೂರಿಸಿ ತಿನ್ನುವಾಗ ಸಡಿಲವಾದ ಕೊಂಬು ಸರಳಿಗೆ ತಾಗಿ ಅಲ್ಲೇ ಕಳಚಿಕೊಳ್ಳುತ್ತಿತ್ತು.

“ನೀ ಯಾಕೆ ತಂಗಚ್ಚಿ ಕೊಂಬು ಹುಡುಕ್ತೀಯ? ಕೊಂಬೇ ನಿನ್ನ ಹತ್ರ ಬರ್ಲಿ,” ಅಂದ.

ದಣಿದವರಿಗೆ ಇಂಥ ಮಾತು ಬೇಗ ರುಚಿಸುತ್ತದೆ. ಹಳೆಯ ಮೇವಿನ ತೊಟ್ಟಿ ಹೇಗೂ ತೂತಾಗಿತ್ತು. ಅಧಿಕಾರಿಗಳಿಗೆ ಫೋನ್ ಮಾಡಿ ತೊಟ್ಟಿ ರಿಪೇರಿ ಮಾಡಿಸುತ್ತೇನೆ ಅಂದೆ, ಮಾಡಿಸಿ ಅಂದರು. ಕೊಂಬು ಉದುರಿಸುವ ಸರಳಿನ ವಿಷಯ ಹೇಳಲಿಲ್ಲ. ಮರೆತದ್ದಲ್ಲ, ಬೇಡ ಅಂದಾರು ಅಂತಲೇ ಹೇಳಲಿಲ್ಲ.

ಫಿಟ್ಟರ್ ಎರಡು ದಿನದಲ್ಲಿ ಕಟ್ಟಿಕೊಟ್ಟ. ಉದ್ದಕ್ಕೆ ಸೀಳಿದ ಡ್ರಮ್ಮು ತೊಟ್ಟಿ. ಅದರ ಮೇಲೆ ಎರಡು ಸಾಲು ಸರಳು, ಮೇಲೆ ಅಗಲ, ಕೆಳಗೆ ಕಿರಿದು. ತಳದಲ್ಲಿ ಬಿದ್ದ ಕೊಂಬು ಹಿಡಿಯಲು ತಗಡಿನ ತಟ್ಟೆ. ಕಾಲುಗಳನ್ನು ಎರಡಡಿ ಆಳಕ್ಕೆ ಹೂತು ಕಾಂಕ್ರೀಟ್ ಹಾಕಿದ. ಪ್ರತಿ ಬೆಸುಗೆಗೂ ಸುತ್ತಿಗೆಯಿಂದ ಹೊಡೆದು ಸದ್ದು ಕೇಳಿದ.

“ಸಕ್ರೆಬೈಲಿಂದ ಆನೆ ತಂದು ಒರಗಿಸು, ಅಲ್ಲಾಡಿದ್ರೆ ನನ್ನ ಹೆಸರು ಬದಲಾಯ್ಸು.”

ಅವನ ಕಾರ್ಖಾನೆಯ ವಿದ್ಯೆಯೇ ಅದು. ಅಲ್ಲಾಡುವುದು ತಪ್ಪು, ಅಲ್ಲಾಡದೆ ಇರುವುದು ಸರಿ. ಜಿಂಕೆಯ ಮೈಗೆ ತಾಗುವ ವಸ್ತು ಬೇಕಾದಾಗ ಬಿಟ್ಟುಕೊಡಬೇಕು ಅಂತ ಅವನಿಗೆ ಹೊಳೆಯಲಿಲ್ಲ. ಎಂಟು ವರ್ಷ ಜಿಂಕೆ ಸಾಕಿದ ನನಗೆ ಹೊಳೆಯಬೇಕಿತ್ತು.

ಮೊದಲ ಮೂರು ದಿನ ಯಾವುದೂ ಹತ್ತಿರ ಬರಲಿಲ್ಲ. ಹೊಸ ಬಣ್ಣದ ವಾಸನೆಗೆ ಮೂಗು ಎತ್ತಿ ದೂರ ನಿಂತವು. ಸರಳಿಗೆ ಸಗಣಿ ನೀರು ಬಳಿದೆ. ತೊಟ್ಟಿಗೆ ಬೂಸಾ, ನೆನೆಸಿದ ಹುರುಳಿ ಹಾಕಿ, ಮೇಲೆ ಹಲಸಿನ ಸೊಪ್ಪಿನ ಕಟ್ಟು ಇಟ್ಟು, ನೆಕ್ಕಲು ಉಪ್ಪಿನ ಇಟ್ಟಿಗೆ ತೂಗಿಹಾಕಿದೆ. ಹಲಸಿನ ಸೊಪ್ಪಿನ ಮುಂದೆ ಜಿಂಕೆಗಳ ಬಿಗುಮಾನ ನಿಲ್ಲುವುದಿಲ್ಲ. ಆರನೆಯ ದಿನ ತಟ್ಟೆಯಲ್ಲಿ ಒಂದು ಕೊಂಬು, ಬುಡದಲ್ಲಿ ಇನ್ನೂ ರಕ್ತದ ಪಸೆ. ಎರಡು ದಿನ ಬಿಟ್ಟು ಅದರ ಜೋಡಿ. ಖುಷಿಗೆ ಫಿಟ್ಟರ್ ಮನೆಗೆ ಮೈಸೂರುಪಾಕು ಕೊಟ್ಟು ಬಂದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಾರದ ರಜೆಯ ದಿನ ಜನ ಬರುವುದಿಲ್ಲ, ನಾನು ಮತ್ತು ಗೇಟು ಕಾಯುವವನು ಇಬ್ಬರೇ. ಅಂಥದೊಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನೀರಿನ ತೊಟ್ಟಿ ತೊಳೆಯುತ್ತಿದ್ದೆ. ಡ್ರಮ್ಮಿನ ಮೇಲೆ ಕಲ್ಲು ಕುಟ್ಟಿದಂಥ ಸದ್ದು ಕೇಳಿ ಓಡಿದೆ. ಎಲ್ಲಕ್ಕಿಂತ ದೊಡ್ಡ ಗಂಡು, ನಾನು ಹರುಕುಕಿವಿ ಅಂತ ಕರೆಯುವವನು, ಸರಳಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ. ಬಲಗೊಂಬು ಕಿರಿದಾದ ಕಡೆಗೆ ಇಳಿದು ಕೂತು, ಹಣೆ ಮೇಲಿನ ಕವಲು ಸರಳಿನ ಆಚೆ ಕೊಕ್ಕೆ ಹಾಕಿತ್ತು. ಅವನ ಕೊಂಬು ಸಡಿಲವಾಗಿರಲಿಲ್ಲ. ಎಳೆಯುತ್ತಿದ್ದ, ಬೀಳುತ್ತಿದ್ದ, ಏಳುತ್ತಿದ್ದ. ತೊಟ್ಟಿ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಚುಕ್ಕೆಜಿಂಕೆ ಗಾಯಕ್ಕಿಂತ ಮೊದಲು ಗಾಬರಿಯಿಂದ ಸಾಯುತ್ತದೆ. ಮೈ ಬಿಸಿಯೇರಿ, ಬಾಯಿ ತೆರೆದು, ಕಾಲು ಸೆಟೆದುಕೊಂಡರೆ ಮುಗಿಯಿತು. ನನ್ನ ದುಪಟ್ಟ ಒದ್ದೆ ಮಾಡಿ ಅವನ ಕಣ್ಣಿಗೆ ಕಟ್ಟಿದೆ. ಗೇಟಿನವನು ಕೊಡದಲ್ಲಿ ನೀರು ತಂದು ಮೈಮೇಲೆ ಸುರಿದ. ಅಧಿಕಾರಿಗಳ ಫೋನು ಸ್ವಿಚ್ ಆಫ್, ಶಿವಮೊಗ್ಗದಲ್ಲಿ ಮೀಟಿಂಗು. ಪಶುವೈದ್ಯರು ಸಕ್ರೆಬೈಲಿನಲ್ಲಿ ಒಂದು ಆನೆಯ ಕಾಲು ನೋಡುತ್ತಿದ್ದರು.

“ಹೊರಟೆ ಅಂದ್ರೂ ಒಂದೂಕಾಲು ಗಂಟೆ ಆಗುತ್ತೆ. ಉಸಿರು ಹೆಂಗಿದೆ?” ಅಂದರು.

“ಬಾಯಿ ಬಿಟ್ಟಿದೆ ಡಾಕ್ಟ್ರೇ.”

“ಅಷ್ಟೊತ್ತು ತಡೆಯಲ್ಲ ಅದು.”

ಅಷ್ಟರಲ್ಲಿ ನಾನು ಫೋನ್ ಮಾಡಿ ಕರೆದಿದ್ದ ಫಿಟ್ಟರ್ ಸ್ಕೂಟರಿನಲ್ಲಿ ಬಂದ. ಕತ್ತರಿಸುವ ಯಂತ್ರ ತಂದಿದ್ದ, ಕರೆಂಟು ಇರಲಿಲ್ಲ. ಕೈಗರಗಸದಿಂದ ಸರಳು ಕೊಯ್ಯಲು ಹಿಡಿದ. ಒಂದೊಂದು ಎಳೆತಕ್ಕೂ ಸರಳು ನಡುಗಿ ಆ ನಡುಕ ನೇರವಾಗಿ ಜಿಂಕೆಯ ತಲೆಗೆ ಹೋಗುತ್ತಿತ್ತು, ಅದು ಮತ್ತೆ ಒದ್ದಾಡುತ್ತಿತ್ತು. ಎರಡು ಕಡೆ ಕೊಯ್ಯಬೇಕು. ನಾಲ್ಕು ಎಳೆತಕ್ಕೇ ನಿಲ್ಲಿಸಿಬಿಟ್ಟ.

ಉಳಿದದ್ದು ಒಂದೇ ದಾರಿ, ಕೊಂಬು ಕೊಯ್ಯುವುದು. ಬಲಿತ ಕೊಂಬಿನಲ್ಲಿ ರಕ್ತವಿಲ್ಲ, ನೋವಿಲ್ಲ, ಉಗುರು ಕತ್ತರಿಸಿದ ಹಾಗೆ. ಆದರೆ ಕೊಂಬು ಕದ್ದವಳು ಅಂತ ಅನುಮಾನ ಇರುವವಳೇ ಗರಗಸ ಹಿಡಿದು, ಲಿಖಿತ ಅನುಮತಿ ಇಲ್ಲದೆ, ಜೀವಂತ ಜಿಂಕೆಯ ಕೊಂಬು ಕೊಯ್ಯುವುದು ಅಂದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಗೇಟಿನವನಿಗೂ ಗೊತ್ತಿತ್ತು.

“ಮಾರಾಯ್ತಿ, ಡಾಕ್ಟ್ರು ಬರ್ಲಿ ಕಣೆ. ಸತ್ರೆ ತಾನಾಗಿ ಸತ್ತಿದ್ದು ಅಂತ ಆಗುತ್ತೆ,” ಅಂದ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅವನು, ನನ್ನ ಒಳ್ಳೆಯದಕ್ಕೇ ಹೇಳಿದ. ನನಗೆ ಅವನ ಮೇಲೂ ಸಿಟ್ಟು ಬಂತು, ಫಿಟ್ಟರ್ ಮೇಲೂ ಬಂತು, ಎಲ್ಲಕ್ಕಿಂತ ನನ್ನ ಮೇಲೆ ಬಂತು. ಹೊಸ ಬ್ಲೇಡು ಹಾಕಿಸಿಕೊಂಡೆ. ಡಾಕ್ಟರು ಫೋನಿನಲ್ಲೇ, ಬುಡದಿಂದ ನಾಲ್ಕು ಬೆರಳು ಮೇಲೆ, ಅದಕ್ಕಿಂತ ಕೆಳಗೆ ಬೇಡ ಅಂದರು. ಗೇಟಿನವನು ಕುತ್ತಿಗೆ ಅಪ್ಪಿ ಹಿಡಿದ, ಫಿಟ್ಟರ್ ಹಿಂಗಾಲು ಹಿಡಿದ. ಬ್ಲೇಡಿಗೆ ನೀರು ಬಿಡುತ್ತಾ ಕೊಯ್ದೆ. ಹಲ್ಲು ಕೊರೆಯುವಾಗಿನ ವಾಸನೆ ಮೂಗಿಗೆ ಅಡರಿತು. ಐದು ನಿಮಿಷಕ್ಕೆ ತುಂಡಾಯಿತು. ಹರುಕುಕಿವಿ ಸ್ವಲ್ಪ ಹೊತ್ತು ಬಿದ್ದುಕೊಂಡಿದ್ದ. ಆಮೇಲೆ ಎದ್ದು, ಒಂದು ಕೊಂಬು, ಒಂದು ಮೋಟು ಹೊತ್ತು, ಕಣ್ಣಿನ ದುಪಟ್ಟವನ್ನೂ ಎಳೆದುಕೊಂಡು ಬಿದಿರಿನ ಕಡೆ ಓಡಿದ. ಮೂವರ ಹತ್ತಿರವೂ ಫೋನಿತ್ತು. ಒಂದು ಫೋಟೋ ತೆಗೆಯಬೇಕೆಂದು ಒಬ್ಬರಿಗೂ ತೋಚಿರಲಿಲ್ಲ.

ಅಧಿಕಾರಿಗಳು ಸಂಜೆ ಬಂದರು. ಕೊಯ್ದ ಕೊಂಬನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊಯ್ತ ಬಹಳ ನುಣುಪಾಗಿತ್ತು, ಅದೇ ನನಗೆ ಮುಳುವಾಯಿತು.

“ಕೈ ಪಳಗಿದ ಹಾಗಿದೆ,” ಅಂದರು. ತೊಟ್ಟಿಯನ್ನು ನೋಡಿ, “ಇದು ರಿಪೇರೀನಾ?” ಅಂದರು.

ಮಧ್ಯಾಹ್ನವೇ ಬಂದು ನೋಡಿದ್ದ ಡಾಕ್ಟರು, ಜಿಂಕೆ ಉಳಿದದ್ದು ಈಕೆಯಿಂದಲೇ ಅಂತ ಬರೆದುಕೊಟ್ಟರು. ಅಧಿಕಾರಿಗಳು ಅದನ್ನೂ ಫೈಲಿಗೆ ಹಾಕಿಕೊಂಡರು. ಮೂರನೆಯ ದಿನ ಕಾರಣ ಕೇಳಿ ನೋಟಿಸು ಬಂತು. ಒಂದನ್ನು ಕೊಯ್ಯಬಲ್ಲವರು ಮೊದಲಿನ ನಾಲ್ಕನ್ನೂ ಕೊಯ್ದು ಸಾಗಿಸಿಲ್ಲ ಅನ್ನುವುದಕ್ಕೆ ಏನು ಆಧಾರ, ಹದಿನೈದು ದಿನದಲ್ಲಿ ಉತ್ತರಿಸಿ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆನೇನೋ.

ಸರಳುಗಳನ್ನು ಫಿಟ್ಟರ್ ತಾನೇ ಬಂದು ಕತ್ತರಿಸಿ ತೆಗೆದ. ಬೆಸುಗೆ ಬಿಚ್ಚಲು ಅವನಿಗೆ ಇಡೀ ದಿನ ಹಿಡಿಯಿತು. ನಾನು ಶಿವಮೊಗ್ಗದ ಸವಳಂಗ ರಸ್ತೆಯ ಗುಜರಿ ಅಂಗಡಿಯಿಂದ ಹಳೆಯ ಲಾರಿ ಟೈರು ತಂದು, ಅರ್ಧಕ್ಕೆ ಸೀಳಿಸಿ ನೆಲದ ಮೇಲಿಟ್ಟೆ. ಒದ್ದರೆ ಉರುಳುವ, ತಲೆ ಸಿಕ್ಕರೆ ಬಾಗುವ ತೊಟ್ಟಿ. ಅದರಲ್ಲೇ ಬೂಸಾ, ಸೊಪ್ಪು. ಕೊಂಬು ಬಿದ್ದರೆ ಬೀಳಲಿ ಅಂತ ಬಿಟ್ಟೆ. ಮತ್ತೆ ಕೋಲು ಹಿಡಿದು ಒಣಕಡ್ಡಿ ತಿರುಗಿಸಲು ಹೊರಟೆ. ಆ ದಿನಗಳಲ್ಲಿ ಬಂದಷ್ಟು ಕಾಲು ನೋವು ನನಗೆ ಎಂದೂ ಬಂದಿರಲಿಲ್ಲ. ಮೈಗಿಂತ ಹೆಚ್ಚು ಮನಸ್ಸು ದಣಿದಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕರೆ ಕೂತಲ್ಲೇ ತೂಕಡಿಸಿ ಸ್ಟಾಪು ದಾಟಿಬಿಡುತ್ತಿದ್ದೆ.

ನೋಟಿಸು ಬಂದ ಒಂಬತ್ತನೆಯ ದಿನ ಮಧ್ಯಾಹ್ನ ಬಿದಿರಿನ ಅಂಚಿನಲ್ಲಿ ಹರುಕುಕಿವಿಯ ಎಡಗೊಂಬು ಸಿಕ್ಕಿತು. ತಾನಾಗಿ ಬಿದ್ದದ್ದು, ಪೂರ್ತಿ. ಕೈಗೆತ್ತಿಕೊಂಡು ಅಲ್ಲೇ ಕೂತೆ. ಅವತ್ತು ಆ ಸರಳು ಇರದಿದ್ದರೆ ಬಲಗೊಂಬೂ ಇನ್ನೆರಡು ವಾರಕ್ಕೆ ಹೀಗೇ ಉದುರಿ ಬೀಳುತ್ತಿತ್ತು. ಅಳು ಬಂತು, ಅತ್ತೆ. ಯಾರೂ ಇರಲಿಲ್ಲ.

ಅಳು ನಿಂತ ಮೇಲೆ ಕೊಂಬು ಬಿದ್ದಿದ್ದ ಜಾಗ ನೋಡಿದೆ. ಪಕ್ಕದಲ್ಲೇ ಒಂದು ಕಪ್ಪುಬಿಳುಪು ಮುಳ್ಳು ಬಿದ್ದಿತ್ತು. ಮುಳ್ಳುಹಂದಿಯದು. ಮೂಳೆ ಕಂಡರೆ ಮುಳ್ಳುಹಂದಿ ಕಡಿಯದೆ ಬಿಡುವುದಿಲ್ಲ ಅಂತ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ವಾಚರ್ ಒಬ್ಬರು ಹೇಳಿದ್ದು ನೆನಪಾಯಿತು. ನಮ್ಮ ಗೋಡೆಯೊಳಗೆ ಮುಳ್ಳುಹಂದಿ ಇಲ್ಲ ಅಂತಲೇ ಎಂಟು ವರ್ಷ ನಂಬಿಕೊಂಡಿದ್ದೆ.

ನಿಯಮ ಅಂದರೆ ಸಿಕ್ಕ ಕೊಂಬನ್ನು ಆ ಕೂಡಲೇ ಪುಸ್ತಕಕ್ಕೆ ಬರೆಯಬೇಕು. ನಾನು ಬರೆಯಲಿಲ್ಲ. ಮುಳ್ಳುಹಂದಿ ಒಯ್ದರೆ ಎಲ್ಲಿಗೆ ಒಯ್ಯುತ್ತದೆ ಅಂತ ತಿಳಿಯಲು, ದಾರ ಕಟ್ಟಿ ಅದನ್ನು ಇದ್ದಲ್ಲೇ ಇಡಲು ತೀರ್ಮಾನಿಸಿದೆ. ಕಳೆದುಹೋದರೆ ನಾಲ್ಕು ಐದಾಗುತ್ತಿತ್ತು, ಅದೂ ಕೈಗೆ ಸಿಕ್ಕ ಮೇಲೆ ಕಳೆದದ್ದು. ಫಿಟ್ಟರ್‌ಗೆ ಫೋನ್ ಮಾಡಿ ಹೇಳಿದೆ.

“ನೈಲಾನ್ ಹಗ್ಗ ತರ್ತೀನಿ ತಂಗಚ್ಚಿ. ಕಟ್ಟಿಬಿಡೋಣ, ಹರಿಯಲ್ಲ,” ಅಂದ.

“ಬೇಡ ಅಣ್ಣ. ಹರಿಯೋದೇ ಬೇಕು. ಜಿಂಕೆ ಕಾಲಿಗೆ ಸಿಕ್ಕಿದ್ರೆ ಪಟ್ ಅನ್ಬೇಕು.”

“ಸರಿಯಮ್ಮ,” ಅಂದ.

ಊಟದ ಹೊತ್ತಿನಲ್ಲಿ ಮನೆಗೆ ಹೋಗಿ ಹೊಲಿಗೆ ಮಿಷನ್ನಿನ ಹಳದಿ ದಾರದ ದೊಡ್ಡ ಉಂಡೆ ತಂದೆ, ರವಿಕೆ ಹೊಲಿಯಲು ಇಟ್ಟಿದ್ದು. ಒಂದು ತುದಿಯನ್ನು ಕೊಂಬಿನ ಬುಡಕ್ಕೆ, ಮೊದಲ ಕವಲಿನ ಕೆಳಗೆ, ಗಂಟು ಹಾಕಿದೆ. ಉಂಡೆಯನ್ನು ಗೂಟಕ್ಕೆ ಹೊಡೆದ ಮೊಳೆಯಲ್ಲಿ ಸರಾಗವಾಗಿ ತಿರುಗುವ ಹಾಗೆ ಸಿಕ್ಕಿಸಿದೆ. ಈ ಸಲ ಪ್ರತಿಯೊಂದಕ್ಕೂ ಫೋಟೋ ತೆಗೆದೆ. ಸಂಜೆಯ ಬಸ್ಸಿಗೆ ಮನೆಗೆ ಹೋದೆ. ನಿದ್ದೆ ಬಂತು ಅಂದರೆ ಸುಳ್ಳಾಗುತ್ತದೆ.

ಮರುದಿನ ಮೊದಲ ಬಸ್ಸಿನಿಂದ ಇಳಿದು ನೇರ ಬಿದಿರಿಗೆ ನಡೆದೆ. ಕೊಂಬು ಇರಲಿಲ್ಲ. ಉಂಡೆ ಸಣಕಲಾಗಿತ್ತು. ದಾರ ಹುಲ್ಲಿನ ಮೇಲೆ ಮಂಜು ಹಿಡಿದು ಎದ್ದು ಕಾಣುತ್ತಿತ್ತು. ಅದರ ಹಿಂದೆ ಹೊರಟೆ. ಲಂಟಾನದೊಳಗೆ ಮೊಣಕಾಲೂರಿ ನುಗ್ಗಬೇಕಾಯಿತು. ಎರಡು ಕಡೆ ಹರಿದಿತ್ತು, ಎರಡೂ ಕಡೆ ಹತ್ತಿಪ್ಪತ್ತು ಹೆಜ್ಜೆ ಸುತ್ತಾಡಿದ ಮೇಲೆ ಮುಂದಿನ ತುಂಡು ಸಿಕ್ಕಿತು. ಮೂರನೆಯ ಸಲ ಹರಿದಾಗ ಅರ್ಧ ಗಂಟೆ ಹುಡುಕಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ, ಉತ್ತರ ಬರೆಯುವ ಗೋಜೂ ಬೇಡ, ರಾಜೀನಾಮೆ ಬರೆದುಕೊಟ್ಟು ಹೋಗೋಣ ಅನ್ನಿಸಿತು. ಕೈ ಗೀರಿದ ಮುಳ್ಳು ಬಿಡಿಸಿಕೊಳ್ಳಲು ಬಗ್ಗಿದಾಗ ಕಾಲ ಬುಡದಲ್ಲೇ ಹಳದಿ ಕಂಡಿತು. ಅದು ಗೋಡೆಯ ಹತ್ತಿರದ ಮಳೆನೀರಿನ ಚರಂಡಿಗೆ ಇಳಿದು, ಚಪ್ಪಡಿಯ ಕೆಳಗಿನ ಒಂದು ಬಿಲದೊಳಗೆ ಹೋಗಿತ್ತು. ಬಿಲದ ಬಾಯಲ್ಲೇ ನನ್ನ ಕೊಂಬು, ಅಡ್ಡ ಸಿಕ್ಕಿಕೊಂಡು ಒಳಗೆ ಹೋಗಲಾರದೆ ನಿಂತಿತ್ತು. ಟಾರ್ಚು ಬಿಟ್ಟೆ. ಒಳಗೆ ಇನ್ನಷ್ಟು ಬಿಳುಪು ಕಂಡಿತು.

ಕೈ ಹಾಕಲಿಲ್ಲ. ಅಧಿಕಾರಿಗಳಿಗೆ ಫೋನ್ ಮಾಡಿದೆ, ಈ ಸಲ ಎತ್ತಿದರು.

“ಸರ್, ನೀವೇ ಬಂದು ನೋಡ್ಬೇಕು. ನಾನು ಏನನ್ನೂ ಮುಟ್ಟಿಲ್ಲ.”

ಅವರು ಬರಲು ಮೂರು ಗಂಟೆಯಾಯಿತು. ಅಷ್ಟು ಹೊತ್ತೂ ಬಿಲದ ಎದುರು ಚಪ್ಪಡಿ ಮೇಲೆ ಕೂತಿದ್ದೆ. ಮುಳ್ಳುಹಂದಿ ಹೊರಗೆ ಬಂದರೆ ನಾನು ಹೆದರುತ್ತಿದ್ದೆನೋ ಕೈಮುಗಿಯುತ್ತಿದ್ದೆನೋ ಗೊತ್ತಿಲ್ಲ. ಅಧಿಕಾರಿಗಳು ಬಂದವರು ಗೂಟದಿಂದ ಶುರುಮಾಡಿ ದಾರದ ಜೊತೆಗೇ ನಡೆದರು, ಪ್ಯಾಂಟು ಹರಿದುಕೊಂಡು ಲಂಟಾನದಲ್ಲೂ ನುಗ್ಗಿದರು. ಅದಕ್ಕಾಗಿ ಅವರ ಬಗ್ಗೆ ನನಗೆ ಈಗ ಗೌರವ ಇದೆ. ಸುದ್ದಿ ತಿಳಿದು ಬಂದ ಫಿಟ್ಟರ್ ಆ ತೊಟ್ಟಿಯ ಸರಳೊಂದನ್ನು ಕೊಕ್ಕೆಯಾಗಿ ಬಗ್ಗಿಸಿ ತಂದಿದ್ದ. ಅದರಿಂದ ಒಂದೊಂದಾಗಿ ಎಳೆದ. ಮೂರು ಕೊಂಬು, ತುದಿ ಸವೆದಿದ್ದರೂ ಗುರುತು ಹತ್ತುವಂಥವು. ನಾಲ್ಕನೆಯದು ಮುಷ್ಟಿಯಷ್ಟು ಉಳಿದಿತ್ತು. ಎಲ್ಲದರ ಮೇಲೂ ಉಳಿಯಿಂದ ಕೆತ್ತಿದ ಹಾಗೆ ಹಲ್ಲಿನ ಸಾಲು. ಎಲ್ಲದರ ಬುಡವೂ ತಾನಾಗಿ ಕಳಚಿದ ಬುಡ, ಒಂದರಲ್ಲೂ ಗರಗಸದ ಗುರುತಿಲ್ಲ.

ಅಧಿಕಾರಿಗಳು ಬಹಳ ಹೊತ್ತು ನೋಡಿದರು.

“ಮುಳ್ಳುಹಂದಿಗೆ ನೋಟಿಸ್ ಕೊಡೋಕಾಗಲ್ಲ ನೋಡಿ,” ಅಂತ ನಕ್ಕರು.

ಗೇಟಿನವನು ನಕ್ಕ. ನನಗೆ ನಗು ಬರಲಿಲ್ಲ. ಅದು ಅವರಿಗೂ ಗೊತ್ತಾಯಿತು. ನಗು ನಿಲ್ಲಿಸಿ, “ಕೇಳಲೇಬೇಕಿತ್ತಮ್ಮ ನಾನು,” ಅಂದರು. “ಹೌದು ಸರ್,” ಅಂದೆ. ಸರಳಿನ ವಿಷಯ ಮುಚ್ಚಿಟ್ಟದ್ದು ನನ್ನ ತಪ್ಪು ಅಂತ ಬರೆದುಕೊಟ್ಟೆ. ಎಚ್ಚರಿಕೆ ಕೊಟ್ಟು ಫೈಲು ಮುಚ್ಚಿದರು, ಆಷಾಢದಲ್ಲಿ ಗುತ್ತಿಗೆ ಮುಂದುವರಿಯಿತು. ಹರುಕುಕಿವಿಯ ಮೋಟೂ ಉದುರಿ, ನಾನು ಕೊಯ್ದ ತುಂಡಿನ ಜೊತೆ ಚೀಟಿ ಕಟ್ಟಿಸಿಕೊಂಡಿತು. ಶ್ರಾವಣದ ಹೊತ್ತಿಗೆ ಎಲ್ಲವನ್ನೂ ಗುಂಡಿಯಲ್ಲಿ ಹಾಕಿ ಸುಟ್ಟೆವು. ಬೆಂಕಿ ಇಟ್ಟವಳು ನಾನೇ. ಕೊಂಬಿಗೆ ಕಟ್ಟಿದ್ದ ಹಳದಿ ದಾರ ಎಲ್ಲಕ್ಕಿಂತ ಮೊದಲು ಉರಿದುಹೋಯಿತು.

ಈಗ ಹತ್ತು ಗಂಡೂ ಟೈರಿನ ತೊಟ್ಟಿಗೆ ಬರುತ್ತವೆ. ಹರುಕುಕಿವಿ ಬರುವುದಿಲ್ಲ. ತಲೆಯ ಮೇಲೆ ಮಖಮಲ್ಲಿನಂಥ ಎಳೆಗೊಂಬು ಎರಡೂ ಕಡೆ ಸಮನಾಗಿ ಚಿಗುರಿದೆ, ಮೈ ತುಂಬಿಕೊಂಡಿದ್ದಾನೆ. ನನ್ನನ್ನು ಕಂಡರೆ ಮಾತ್ರ ಮುಂಗಾಲು ನೆಲಕ್ಕೆ ಕುಟ್ಟಿ ಎಚ್ಚರಿಕೆಯ ಕೂಗು ಹಾಕುತ್ತಾನೆ, ನಾಯಿಯನ್ನೋ ಚಿರತೆಯನ್ನೋ ಕಂಡವನ ಹಾಗೆ. ಮಿಕ್ಕವೆಲ್ಲ ಒಂದು ಸಲ ತಲೆಯೆತ್ತಿ ನೋಡಿ, ನಾನೇ ಅಂತ ಗೊತ್ತಾಗಿ, ಮತ್ತೆ ಸೊಪ್ಪಿಗೆ ಬಾಯಿ ಹಾಕುತ್ತವೆ. ನಾನು ಅವನ ಪಾಲಿನ ಹಲಸಿನ ಸೊಪ್ಪನ್ನು ಬೇರೆ ಕಟ್ಟಿಕೊಂಡು, ನೋಯುವ ಕಾಲಿನಲ್ಲಿ ಇನ್ನೂರು ಹೆಜ್ಜೆ ಹೆಚ್ಚು ನಡೆದು, ಬಿದಿರಿನ ಅಂಚಿನಲ್ಲಿಟ್ಟು ಬರುತ್ತೇನೆ. ನಾನು ತಿರುಗಿ ನೋಡಿದರೆ ಅವನು ತಿನ್ನುವುದಿಲ್ಲ. ಹಾಗಾಗಿ ನೋಡುವುದಿಲ್ಲ.